ಹನ್ನೆರಡು ತಿಂಗಳೂ ಹೂವು: ಜೇನು, ದುಂಬಿ, ಸೂರಕ್ಕಿಗಳಿಗಾಗಿ ಹಿತ್ತಲು ಮತ್ತು ಬದುಗಳ ಗಿಡಗಳ ಆಯ್ಕೆ

(ರೈತರ ತರಬೇತಿ ಶಿಬಿರವೊಂದರಲ್ಲಿ ನೀಡಿದ ಉಪನ್ಯಾಸ)



ಹೀರೆ, ಸೌತೆ, ಕುಂಬಳ ಬೆಳೆಯುವ ರೈತರಿಂದ ಪ್ರತಿ ವರ್ಷವೂ ಕೇಳಿಬರುವ ದೂರು ಒಂದಿದೆ. ಬಳ್ಳಿ ಚೆನ್ನಾಗಿ ಹಬ್ಬಿದೆ, ಹೂವೂ ತುಂಬಾ ಬಿಟ್ಟಿದೆ, ಆದರೆ ಕಾಯಿ ಕಚ್ಚುತ್ತಿಲ್ಲ. ಹೀಚು ಎರಡು ಮೂರು ದಿನಗಳಲ್ಲಿ ಹಳದಿಯಾಗಿ ಉದುರುತ್ತದೆ. ಉಳಿದ ಸೌತೆಕಾಯಿಯೂ ಒಂದು ತುದಿ ದಪ್ಪ, ಮತ್ತೊಂದು ತುದಿ ಸಣಕಲಾಗಿ, ಕುಡುಗೋಲಿನಂತೆ ಬಾಗಿರುತ್ತದೆ. ಅದನ್ನು ಮಾರುಕಟ್ಟೆಯಲ್ಲಿ ಕೇಳುವವರಿಲ್ಲ. ರೈತರು ಬೀಜದ ಅಂಗಡಿಯವನನ್ನು ಬೈಯುತ್ತಾರೆ, ಇಲ್ಲವೇ ಯಾರೋ ಹೇಳಿದರೆಂದು ಹಾರ್ಮೋನು ತಂದು ಸಿಂಪಡಿಸುತ್ತಾರೆ.

ಹೂ ಉದುರುವುದಕ್ಕೆ ಕಾರಣಗಳು ಹಲವು. ನೀರಿನ ಕೊರತೆ, ವಿಪರೀತ ಬಿಸಿಲು, ಹಣ್ಣುನೊಣದ ಬಾಧೆ ಇವೆಲ್ಲ ಇರಬಹುದು. ಆದರೆ ಔಷಧಿ ಅಂಗಡಿಗೆ ಹೋಗುವ ಮುಂಚೆ ಮಾಡಬಹುದಾದ, ಕಾಸು ಖರ್ಚಿಲ್ಲದ ಪರೀಕ್ಷೆಯೊಂದಿದೆ. ಕುಂಬಳದ ಬಳ್ಳಿಯಲ್ಲಿ ಗಂಡು ಹೂವು, ಹೆಣ್ಣು ಹೂವು ಬೇರೆ ಬೇರೆ. ಹೆಣ್ಣು ಹೂವಿನ ಬುಡದಲ್ಲಿ ಪುಟ್ಟ ಕಾಯಿಯ ಆಕಾರ ಇದ್ದೇ ಇರುತ್ತದೆ. ಬೆಳಗಿನ ಜಾವ ಹೊಸದಾಗಿ ಅರಳಿದ ಗಂಡು ಹೂವನ್ನು ಕಿತ್ತು, ಅದರ ದಳ ಹರಿದು, ನಡುವಿನ ಹಳದಿ ಪುಡಿಯನ್ನು ಹತ್ತು ಹೆಣ್ಣು ಹೂವುಗಳ ನಡುಭಾಗಕ್ಕೆ ಮೃದುವಾಗಿ ಸವರಬೇಕು. ಆ ಹತ್ತಕ್ಕೂ ಬಣ್ಣದ ದಾರ ಕಟ್ಟಬೇಕು. ಹೀರೆ, ಸೋರೆಗಳಾದರೆ ಹೂ ಅರಳುವುದು ಸಂಜೆಗೆ, ಆದ್ದರಿಂದ ಸಂಜೆಯೇ ಮಾಡಬೇಕು. ಒಂದು ವಾರದಲ್ಲಿ ದಾರ ಕಟ್ಟಿದವು ನಿಂತು, ಕಟ್ಟದವು ಉದುರಿದರೆ ತಪ್ಪು ಬೀಜದ್ದಲ್ಲ, ಗೊಬ್ಬರದ್ದೂ ಅಲ್ಲ. ಆ ಹೊಲಕ್ಕೆ ಪರಾಗ ಹೊರುವ ಕೀಟಗಳು ಬರುತ್ತಿಲ್ಲ ಎಂದರ್ಥ.

ಈ ಕೂಲಿ ಕೇಳದ ಆಳುಗಳು ಯಾರು ಯಾರು? ಜೇನು ಎಂದೊಡನೆ ಪೆಟ್ಟಿಗೆಯ ತುಡುವೆ ಜೇನು ನೆನಪಿಗೆ ಬರುತ್ತದೆ. ಅದು ಮರದ ಪೊಟರೆಯಲ್ಲಿಯೂ ಪೆಟ್ಟಿಗೆಯಲ್ಲಿಯೂ ನೆಲೆಸಿ, ಹೆಚ್ಚಾಗಿ ಸುಮಾರು ಒಂದು ಕಿಲೋಮೀಟರಿನ ಒಳಗೇ ದುಡಿಯುತ್ತದೆ. ಹೆಜ್ಜೇನು ಬಹುದೂರ ಹೋಗಬಲ್ಲದು, ಆದರೆ ಕಾಲಕಾಲಕ್ಕೆ ಹೂವಿರುವ ಸೀಮೆಗೆ ವಲಸೆ ಹೋಗಿಬಿಡುತ್ತದೆ. ಬೇಲಿಯ ಕಡ್ಡಿಗೆ ಒಂದೇ ತಟ್ಟಿ ಕಟ್ಟುವ ಕೋಲುಜೇನು, ಗೋಡೆಯ ಬಿರುಕಿನಲ್ಲಿ ಮೇಣದ ಕೊಳವೆ ಮಾಡಿಕೊಂಡು ಬಾಳುವ ಮುಜಂಟಿ ಇವೂ ಇವೆ. ಮುಜಂಟಿಗೆ ಕೆಲವೆಡೆ ಮಿಶ್ರಿ ಜೇನು ಎಂಬ ಹೆಸರೂ ಇದೆ, ಅದು ಕುಟುಕುವುದಿಲ್ಲ.

ಇವುಗಳ ಜೊತೆಗೆ ರೈತರು ಲೆಕ್ಕಕ್ಕೇ ಇಟ್ಟುಕೊಳ್ಳದ ಇಬ್ಬರಿದ್ದಾರೆ. ಒಬ್ಬ ಕಪ್ಪು ದುಂಬಿ, ಒಣಮರವನ್ನೂ ಬಿದಿರನ್ನೂ ಕೊರೆದು ಗೂಡು ಮಾಡುವವನು. ಇನ್ನೊಂದು, ಹೊಟ್ಟೆಯ ಮೇಲೆ ನೀಲಿ ಪಟ್ಟೆಗಳಿರುವ ಒಂಟಿ ಜೇನು. ಮಣ್ಣಿನ ಗೋಡೆಯಲ್ಲಿ, ಗಟ್ಟಿ ನೆಲದಲ್ಲಿ ತೂತು ಮಾಡಿ ಇರುತ್ತದೆ. ಬದನೆ ಹೂವಿನಲ್ಲಿ ಗಂಡು ಹೆಣ್ಣು ಎರಡೂ ಭಾಗಗಳಿವೆ, ಆದರೆ ಪರಾಗದ ಚೀಲ ಬಾಯಿ ಬಿಡುವುದು ತುದಿಯ ಒಂದು ಸಣ್ಣ ರಂಧ್ರದಲ್ಲಿ ಮಾತ್ರ. ದುಂಬಿ, ನೀಲಿಪಟ್ಟೆಯ ಜೇನುಗಳು ಹೂವನ್ನು ಕಚ್ಚಿ ಹಿಡಿದು ಮೈಯನ್ನು ಗುಂಯ್ ಎಂದು ನಡುಗಿಸುತ್ತವೆ. ಆಗ ಉಪ್ಪಿನ ಡಬ್ಬಿ ಅಲುಗಿಸಿದಂತೆ ಪರಾಗ ಉದುರುತ್ತದೆ. ಈ ವಿದ್ಯೆ ಪೆಟ್ಟಿಗೆಯ ಜೇನಿಗೆ ಗೊತ್ತಿಲ್ಲ. ಹೀಗಾಗಿ ಬದನೆ ಬೆಳೆಗಾರರು ಜೇನು ಪೆಟ್ಟಿಗೆ ತಂದಿಟ್ಟು, ಹಳೆಯ ಒಣ ದಿಮ್ಮಿಯನ್ನು ಸೌದೆಗೆ ಸೀಳಿದರೆ ಲಾಭ ಕಡಿಮೆ.

ಸೂರ್ಯಕಾಂತಿಯ ತೆನೆಯಲ್ಲಿ ಹೂಗಳು ಹೊರಸುತ್ತಿನಿಂದ ಒಳಕ್ಕೆ ಸುತ್ತು ಸುತ್ತಾಗಿ ಕೆಲವು ದಿನಗಳ ಕಾಲ ಅರಳುತ್ತವೆ. ಇಂದಿನ ಸಂಕರಣ ತಳಿಗಳು ಸ್ವಲ್ಪಮಟ್ಟಿಗೆ ತಮ್ಮದೇ ಪರಾಗದಿಂದ ಕಾಳು ಕಟ್ಟಬಲ್ಲವು. ಆದರೂ ಜೇನು ಬಂದ ಹೊಲದ ತೆನೆ ತುಂಬುವಂತೆ ಜೇನಿಲ್ಲದ ಹೊಲದ ತೆನೆ ತುಂಬದು, ಜೊಳ್ಳು ಹೆಚ್ಚು. ಹೆಕ್ಟೇರಿಗೆ 5 ಪೆಟ್ಟಿಗೆ ಇಡಬೇಕು, ಜೇನಿಲ್ಲದಿದ್ದರೆ ಕೈಗೆ ಮೆತ್ತನೆಯ ಬಟ್ಟೆ ಸುತ್ತಿಕೊಂಡು ಬೆಳಿಗ್ಗೆ 8ರಿಂದ 11 ಗಂಟೆಯೊಳಗೆ ದಿನ ಬಿಟ್ಟು ದಿನ ತೆನೆಗಳನ್ನು ಸವರಬೇಕು ಎಂಬ ಶಿಫಾರಸು ರೂಢಿಯಲ್ಲಿದೆ. ಸವರುವ ಕೂಲಿಯನ್ನು ಒಮ್ಮೆ ಲೆಕ್ಕ ಹಾಕಿದರೆ ಜೇನಿನ ಬೆಲೆ ತಾನಾಗಿ ತಿಳಿಯುತ್ತದೆ. ಏಲಕ್ಕಿಯ ಹೂವಿಗೆ ಒಂದೇ ದಿನದ ಆಯುಷ್ಯ, ಅದೂ ಜೇನನ್ನೇ ನಂಬಿದೆ. ರೊಬಸ್ಟಾ ಕಾಫಿ ತನ್ನದೇ ಗಿಡದ ಪರಾಗದಿಂದ ಕಾಯಿ ಕಟ್ಟುವುದಿಲ್ಲ.

ಹಾಗಾದರೆ ಈ ಕೀಟಗಳು ಎಲ್ಲಿ ಹೋದವು? ತುಡುವೆ ಜೇನಿಗೆ 1991-92ರ ಸುಮಾರಿಗೆ ಥಾಯ್ ಸ್ಯಾಕ್ ಬ್ರೂಡ್ ಎಂಬ ನಂಜುರೋಗ ಬಂದು, ಕೊಡಗು, ದಕ್ಷಿಣ ಕನ್ನಡ ಸೇರಿದಂತೆ ದಕ್ಷಿಣ ಭಾರತದ ಬಹುಪಾಲು ಪೆಟ್ಟಿಗೆಗಳು ಖಾಲಿಯಾದವು. ಕೀಟನಾಶಕಗಳ ಪಾಲೂ ದೊಡ್ಡದು. ಆದರೆ ಬಹಳ ಮಂದಿಯ ಗಮನಕ್ಕೆ ಬಾರದ ಕಾರಣವೆಂದರೆ ಹಸಿವು. ಕುಂಬಳದ ಹೊಲ ಜೇನಿಗೆ ಊಟ ಹಾಕುವುದು ಒಂದು ಒಂದೂವರೆ ತಿಂಗಳು. ಸೂರ್ಯಕಾಂತಿ ಹಾಕುವುದು ಎರಡು ಮೂರು ವಾರ. ವರ್ಷದ ಉಳಿದ ದಿನ ಅವು ಏನು ತಿನ್ನಬೇಕು? ಹನ್ನೊಂದು ತಿಂಗಳು ಉಪವಾಸ ಕೆಡವಿ ಹನ್ನೆರಡನೆಯ ತಿಂಗಳು ಗೇಯಲು ಕರೆದರೆ ಯಾವ ಎತ್ತು ಬಂದೀತು?

ಇಲ್ಲಿ ಹಿಂದಿನವರ ಅಕ್ಕಡಿ ಸಾಲನ್ನು ನೆನೆಯಬೇಕು. ಕೋಲಾರ, ತುಮಕೂರು, ಬೆಂಗಳೂರು, ಮಂಡ್ಯ, ಮೈಸೂರು ಕಡೆಯ ರಾಗಿ ಹೊಲದಲ್ಲಿ ನಡುನಡುವೆ ಅವರೆ, ತೊಗರಿ, ಹುಚ್ಚೆಳ್ಳು, ಸಾಸಿವೆ, ಹರಳಿನ ಸಾಲುಗಳು ಇರುತ್ತಿದ್ದವು. ರಾಗಿಗೆ ಜೇನಿನ ಹಂಗಿಲ್ಲ. ಆದರೆ ರಾಗಿ ತೆನೆ ಬಲಿಯುವ ಹೊತ್ತಿಗೆ ಹುಚ್ಚೆಳ್ಳು ಹಳದಿಯಾಗಿ ಅರಳಿ, ಅದರ ಹಿಂದೆಯೇ ಸಾಸಿವೆ, ಅವರೆ ಹೂವಾಗಿ, ಸಂಕ್ರಾಂತಿಯ ತನಕ ಊರಿನ ಜೇನಿಗೆಲ್ಲ ಮೇವು ಸಿಗುತ್ತಿತ್ತು. ಹುಚ್ಚೆಳ್ಳು ಒಂದು ಗಿಡದ ಪರಾಗ ಇನ್ನೊಂದಕ್ಕೆ ಹೋಗದೆ ಕಾಳು ಕಟ್ಟದ ಬೆಳೆ. ಕೊಡುವುದೂ ತೆಗೆದುಕೊಳ್ಳುವುದೂ ಎರಡೂ ಅಲ್ಲಿತ್ತು. ಶುದ್ಧ ಬೆಳೆಯ ಹುಮ್ಮಸ್ಸಿನಲ್ಲಿ ಅಕ್ಕಡಿ ಹೋಯಿತು, ನೀಲಗಿರಿ ತೋಪು ಬಂದಲ್ಲಿ ರಾಗಿಯೂ ಹೋಯಿತು. ಎಣ್ಣೆಕಾಳಿನ ಎರಡು ಸೇರು ನಷ್ಟವನ್ನು ಎಲ್ಲರೂ ಲೆಕ್ಕ ಹಾಕಿದರು. ಜೇನಿನ ಮೇವಿನ ಲೆಕ್ಕ ಯಾರ ಪುಸ್ತಕದಲ್ಲಿಯೂ ಬರಲಿಲ್ಲ.

ಆದ್ದರಿಂದ ಹಿತ್ತಲಿಗೆ, ಬದುವಿಗೆ, ಬೇಲಿಗೆ ಗಿಡ ಆರಿಸುವಾಗ ಮೊದಲು ಕೇಳಬೇಕಾದ ಪ್ರಶ್ನೆ ‘ಹೂ ಚೆಂದವೇ’ ಎಂಬುದಲ್ಲ, ‘ಯಾವ ತಿಂಗಳಲ್ಲಿ ಅರಳುತ್ತದೆ’ ಎಂಬುದು. ಒಂದು ಕಾಗದದ ಮೇಲೆ ಹನ್ನೆರಡು ತಿಂಗಳ ಹೆಸರು ಬರೆದು, ತಮ್ಮ ಜಮೀನಿನ ಸುತ್ತ ಈಗಾಗಲೇ ಇರುವ ಗಿಡಮರಗಳ ಹೂವಿನ ಕಾಲವನ್ನು ಆಯಾ ತಿಂಗಳ ಎದುರು ಬರೆದರೆ ಸಾಕು. ಖಾಲಿ ಉಳಿದ ತಿಂಗಳೇ ನೆಡಬೇಕಾದ ಗಿಡವನ್ನು ಹೇಳುತ್ತದೆ.

ಚಳಿಗಾಲದ ಕೊನೆಯಿಂದ ಬೇಸಿಗೆಯವರೆಗೆ ಸಾಮಾನ್ಯವಾಗಿ ಕೊರತೆ ಇರುವುದಿಲ್ಲ. ಜನವರಿಯಿಂದ ಮಾರ್ಚಿಯವರೆಗೆ ಮಾವು, ಬೂರುಗ, ಮುತ್ತುಗ, ಹಾಲುವಾಣ, ಗೊಬ್ಬರದ ಗಿಡ. ಅನಂತರ ಬೇವು, ಹೊಂಗೆ, ನೇರಳೆ. ಮೇ, ಜೂನ್ ಹೊತ್ತಿಗೆ ಹುಣಸೆ. ಇವುಗಳಲ್ಲಿ ಒಂದೆರಡನ್ನಾದರೂ ಬದುವಿನಲ್ಲಿ ಉಳಿಸಿಕೊಂಡರೆ ಆ ಕಾಲ ಕಳೆಯುತ್ತದೆ. ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗೆ ಹುಚ್ಚೆಳ್ಳು, ಅವರೆ, ಹುರುಳಿ, ಜೊತೆಗೆ ಅಂಟುವಾಳದ ಮರ. ಅಂಟುವಾಳದ ಹೂವು ನೋಡಲು ಏನೂ ಅಲ್ಲ, ಆದರೆ ಅರಳಿದ ದಿನ ಮರವೇ ಗುಂಯ್‌ಗುಡುತ್ತಿರುತ್ತದೆ. ಕಾಯಿ ತಲೆ ತೊಳೆಯಲೂ ಬಟ್ಟೆಗೂ ಆಗುತ್ತದೆ.

ಕಷ್ಟದ ಕಾಲವೆಂದರೆ ಮೃಗಶಿರಾ ಮಳೆಯಿಂದ ಮಘೆ ಮಳೆಯ ತನಕ. ಮಲೆನಾಡಿನಲ್ಲಿ ಮಳೆ ಜೇನನ್ನು ಗೂಡಿನಿಂದ ಹೊರಡಲೇ ಬಿಡದು. ಮೈದಾನದಲ್ಲಿ ಹೊರಟರೂ ಹೊಲದಲ್ಲಿ ಪೈರು ಇನ್ನೂ ಮೊಣಕಾಲುದ್ದ. ಜೇನು ಸಾಕುವವರು ಸಕ್ಕರೆ ಪಾಕ ಕೊಟ್ಟು ಕುಟುಂಬ ಉಳಿಸಿಕೊಳ್ಳುವುದು ಈ ತಿಂಗಳುಗಳಲ್ಲಿಯೇ. ಕಾಡು ಜೇನಿಗೆ, ದುಂಬಿಗೆ ಪಾಕ ಕೊಡುವವರು ಯಾರು? ಗಿಡಗಳ ಆಯ್ಕೆಯಲ್ಲಿ ಹೆಚ್ಚಿನ ಶ್ರಮ ಈ ಮೂರು ತಿಂಗಳಿಗೇ ಸಲ್ಲಬೇಕು.

ಮೊದಲನೆಯದು ಎಳ್ಳು. ಭರಣಿ, ಕೃತ್ತಿಕಾ ಮಳೆಗೆ ಒಂದು ಮೂಲೆಯಲ್ಲಿ ಬಿತ್ತಿದ ಎಳ್ಳು ಜೂನಿನಲ್ಲಿ ಹೂವಿಗೆ ಬರುತ್ತದೆ. ಅದೇ ಹದಕ್ಕೆ ಅಲಸಂದೆಯೂ ಆಗುತ್ತದೆ. ಎರಡನೆಯದು ಅಪ್ಸೆಣಬು. ಹಸಿರೆಲೆ ಗೊಬ್ಬರಕ್ಕೆಂದು ಬಿತ್ತಿದ್ದನ್ನು ಹೂವಿನ ಹೊತ್ತಿಗೆ ಮಣ್ಣಿಗೆ ಸೇರಿಸುವುದು ಸರಿಯಾದ ಪದ್ಧತಿಯೇ. ಆದರೆ ಬದುವಿನಂಚಿನ ಎರಡು ಸಾಲನ್ನು ಉಳಿಸಿದರೆ ಗೊಬ್ಬರಕ್ಕೆ ಹೇಳಿಕೊಳ್ಳುವ ನಷ್ಟವಿಲ್ಲ. ಅದರ ಹಳದಿ ಹೂವನ್ನು ಒತ್ತಿ ಬಾಯಿ ಬಿಡಿಸುವ ಬಲ ಇರುವುದು ದುಂಬಿಯಂಥ ದೊಡ್ಡ ಜೇನುಗಳಿಗೆ, ಅವುಗಳಿಗೆ ಅದು ಹಬ್ಬದೂಟ. ಮುಂದಿನ ವರ್ಷದ ಬೀಜವೂ ಮನೆಯಲ್ಲೇ ಸಿಗುತ್ತದೆ. ಮುಸುಕಿನ ಜೋಳದ ಸೂಲಂಗಿಯಿಂದ ಮಕರಂದ ಸಿಗದು, ಪರಾಗ ಮಾತ್ರ ಧಾರಾಳ. ಮರಿಗಳನ್ನು ಸಾಕಲು ಜೇನಿಗೆ ಬೇಕಾದದ್ದೂ ಅದೇ.

ಮನೆಯ ಹತ್ತಿರಕ್ಕೆ ತುಳಸಿ, ಕಾಮಕಸ್ತೂರಿಗಳಿಗಿಂತ ಉತ್ತಮ ಗಿಡ ಹೇಳುವುದು ಕಷ್ಟ. ಒಣಗಿದ ತೆನೆಗಳನ್ನು ಆಗಾಗ ಚಿವುಟುತ್ತ, ಪಾತ್ರೆ ತೊಳೆದ ನೀರು ಬಿಡುತ್ತಿದ್ದರೆ ವರ್ಷದ ಬಹುಭಾಗ ಹೂವಿರುತ್ತದೆ. ವೃಂದಾವನದ ಒಂದು ತುಳಸಿ ಸಾಲದು. ಜೇನು ಒಂದು ಹೊರಡುವಿಕೆಯಲ್ಲಿ ಒಂದೇ ಜಾತಿಯ ಹೂವನ್ನು ಹುಡುಕುತ್ತದೆ. ಹತ್ತು ಜಾತಿಯ ಒಂದೊಂದು ಗಿಡಕ್ಕಿಂತ ಒಂದು ಜಾತಿಯ ಹತ್ತು ಗಿಡ ಒಟ್ಟಿಗೆ ಇರುವುದು ಮೇಲು. ನುಗ್ಗೆ, ಕರಿಬೇವು ಎಲ್ಲರ ಹಿತ್ತಲಲ್ಲಿ ಇರಬೇಕಾದವೇ. ತೆಂಗು ತಿಂಗಳಿಗೊಂದರಂತೆ ಹೊಂಬಾಳೆ ಬಿಡುವುದರಿಂದ ಅದು ವರ್ಷವಿಡೀ ಬಾಗಿಲು ಮುಚ್ಚದ ಅನ್ನಛತ್ರ. ಕೊತ್ತಂಬರಿಯ ಮಡಿಯಲ್ಲಿ ನಾಲ್ಕು ಗಿಡ ಕೀಳದೆ ಹೂವಿಗೆ ಬಿಟ್ಟರೆ ಹೂನೊಣಗಳು ಬರುತ್ತವೆ. ಇವುಗಳ ಮರಿಹುಳು ಗಿಡಹೇನನ್ನು ತಿನ್ನುತ್ತದೆ. ಇನ್ನು ಬದುವಿನ ತುಂಬೆ, ಮಲೆನಾಡಿನ ನಾಚಿಕೆಮುಳ್ಳು ಇವನ್ನು ಕಳೆ ಎಂದು ಪೂರ್ತಿ ಕೆತ್ತಿಹಾಕುವ ಮುನ್ನ ಬೆಳಿಗ್ಗೆ ಹತ್ತು ನಿಮಿಷ ನಿಂತು ಅವುಗಳ ಮೇಲೆ ಯಾರಿದ್ದಾರೆಂದು ನೋಡಬೇಕು. ಬೆಳೆಯ ಸಾಲಿನಲ್ಲಿ ಕಳೆ, ಬದುವಿನಲ್ಲಿ ಮೇವು.

ನರ್ಸರಿಗಳಲ್ಲಿ ಮಾರುವ ಅಲಂಕಾರದ ಗಿಡಗಳ ವಿಷಯದಲ್ಲಿ ಎಚ್ಚರ ಬೇಕು. ಮುದ್ದೆ ದಾಸವಾಳ, ದಪ್ಪ ಚೆಂಡುಹೂ, ಸುತ್ತುದಳದ ಗುಲಾಬಿ ಇವು ಕಣ್ಣಿಗೆ ತುಂಬಿದ ಹೂಗಳು, ಜೇನಿಗೆ ಖಾಲಿ ಪಾತ್ರೆಗಳು. ದಾಸವಾಳ, ಗುಲಾಬಿಗಳಲ್ಲಿ ಪರಾಗ ಕೊಡಬೇಕಾದ ಕೇಸರಗಳೇ ಹೆಚ್ಚಿನ ದಳಗಳಾಗಿ ಮಾರ್ಪಟ್ಟಿವೆ. ದೇವರ ತಲೆಗೆ, ಮಾರುಕಟ್ಟೆಗೆ ಅವು ಇರಲಿ, ಆದರೆ ಜೇನಿಗೆಂದು ನೆಡುವುದಾದರೆ ಒಂಟಿ ದಳದ ಜಾತಿಯನ್ನೇ ಕೇಳಿ ತರಬೇಕು. ಕಾಗದದ ಹೂವಿನ ಬಣ್ಣ ಹೂವಿನದಲ್ಲ, ಸುತ್ತಲಿನ ಎಲೆಗಳದು. ಬೇಲಿ ತುಂಬ ಕೆಂಪಾದರೂ ಜೇನಿಗೆ ಅದರಿಂದ ಹೆಚ್ಚು ಪ್ರಯೋಜನವಿಲ್ಲ. ಲಂಟಾನದ ಮೇಲೆ ಚಿಟ್ಟೆ ಕೂರುತ್ತದೆಂದು ಅದನ್ನು ಬೆಳೆಸುವುದಂತೂ ಬೇಡ. ಅದು ಗೋಮಾಳ, ಕಾಡುಗಳನ್ನು ನುಂಗಿದ್ದು ಎಲ್ಲರೂ ಕಂಡದ್ದೇ, ದನಕ್ಕೂ ವಿಷ. ರಸ್ತೆಬದಿಯಲ್ಲಿ ಕಿತ್ತಳೆಗೆಂಪು ಬಟ್ಟಲಿನಂಥ ಹೂ ಬಿಡುವ ಆಫ್ರಿಕಾದ ನೀರುಕಾಯಿ ಮರದ ಹೂವಿನೊಳಗೆ ಮುಜಂಟಿಯಂಥ ಸಣ್ಣ ಜೇನುಗಳು ಸತ್ತು ಬೀಳುವುದು ಕಂಡುಬಂದಿದೆ. ಮುಜಂಟಿ ಸಾಕುವವರ ಮನೆಯ ಬಳಿ ಅದು ಬೇಡವೇ ಬೇಡ.

ಹಕ್ಕಿಗಳ ವಿಷಯ. ಇಂಗ್ಲಿಷಿನ ತೋಟಗಾರಿಕೆ ಪುಸ್ತಕಗಳಲ್ಲಿ ಹಮ್ಮಿಂಗ್ ಹಕ್ಕಿಯನ್ನು ಕರೆಯುವ ಗಿಡಗಳ ದೊಡ್ಡ ಪಟ್ಟಿಗಳೇ ಇರುತ್ತವೆ. ರೆಕ್ಕೆ ಬಡಿಯುತ್ತ ಗಾಳಿಯಲ್ಲಿ ನಿಂತು, ಹಿಂದಕ್ಕೂ ಹಾರಬಲ್ಲ ಈ ಹಕ್ಕಿಗಳಲ್ಲಿ 300ಕ್ಕೂ ಹೆಚ್ಚು ಬಗೆಗಳಿವೆ. ಆದರೆ ಎಲ್ಲವೂ ಉತ್ತರ, ದಕ್ಷಿಣ ಅಮೆರಿಕಗಳವು. ಭಾರತದಲ್ಲಿ ಒಂದೂ ಇಲ್ಲ. ಹಿತ್ತಲಲ್ಲಿ ‘ಹಮ್ಮಿಂಗ್ ಬರ್ಡ್ ಬಂದಿತ್ತು’ ಎಂದು ಮಕ್ಕಳು ಹೇಳುವುದು ಸೂರಕ್ಕಿಯನ್ನು. ಎರಡಕ್ಕೂ ರಕ್ತಸಂಬಂಧವಿಲ್ಲ, ಕಸುಬು ಒಂದೇ ಆದ್ದರಿಂದ ಉದ್ದ ಕೊಕ್ಕು, ಹೊಳೆಯುವ ಬಣ್ಣ ಬಂದಿದೆ. ಸೂರಕ್ಕಿ ಹೆಚ್ಚಾಗಿ ಕೂತು ಕುಡಿಯುವ ಹಕ್ಕಿ. ಹೂವಿನ ಪಕ್ಕದಲ್ಲಿ ಗಟ್ಟಿಯಾದ ಕಡ್ಡಿ ಬೇಕು. ಮೊಗ್ಗಿನ ಬುಡವನ್ನು ಚುಚ್ಚಿ ರಸ ಕದಿಯುವುದೂ ಉಂಟು, ದಾಸವಾಳದಲ್ಲಿ ಇದನ್ನು ನೋಡಬಹುದು.

ಅಮೆರಿಕದ ಉಷ್ಣ ಸೀಮೆಯಿಂದ ಬಂದ ಹ್ಯಾಮೆಲಿಯಾ ಅಲ್ಲಿ ಹಮ್ಮಿಂಗ್ ಹಕ್ಕಿಯ ಗಿಡ. ಇಲ್ಲಿ ಅದರ ಕಿತ್ತಳೆಗೆಂಪಿನ ಕೊಳವೆ ಹೂವಿಗೆ ಸೂರಕ್ಕಿ ವರ್ಷವಿಡೀ ಬರುತ್ತದೆ, ಹಣ್ಣಿಗೆ ಪಿಕಳಾರ. ಆದರೆ ಪೇಟೆಯಿಂದ ತಂದೇ ತೀರಬೇಕೆಂದಿಲ್ಲ. ಬಾಳೆಯ ಮೂತಿ, ಅಗಸೆ, ಲೋಳೆಸರದ ಹೂಗೊಂಚಲು, ಒಂಟಿ ದಾಸವಾಳ, ಹಾಲುವಾಣ, ಮುತ್ತುಗ ಇವೆಲ್ಲ ಸೂರಕ್ಕಿಗೆ ಮೆಚ್ಚು. ಸಕ್ಕರೆ ನೀರಿನ ಸೀಸೆ ತೂಗುಹಾಕುವ ಅಮೆರಿಕದ ಪದ್ಧತಿ ಇಲ್ಲಿ ಅನಗತ್ಯ. ಕುಂಬಳ, ಸೂರ್ಯಕಾಂತಿಯ ಫಸಲು ಸೂರಕ್ಕಿಯಿಂದ ಹೆಚ್ಚುತ್ತದೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ. ಅದು ಮುತ್ತುಗದಂಥ ಮರಗಳ ಪರಾಗ ಹೊರುತ್ತದೆ, ಮರಿಗಳಿಗೆ ಹುಳು, ಜೇಡ ಹಿಡಿದುಕೊಡುತ್ತದೆ. ಅಷ್ಟು ಸಾಲದೆ? ಗೂಡನ್ನು ಜೇಡರ ಬಲೆಯಿಂದ ಬಿಗಿದು ಜಗಲಿಯ ತಂತಿಗೂ ತೂಗುಹಾಕುತ್ತದೆ, ಕಸವೆಂದು ಕಿತ್ತುಬಿಡಬಾರದು.

ಮಾವಿನ ತೋಟದವರು ಒಂದು ಸಂಶಯ ಕೇಳುತ್ತಾರೆ, ಈ ಹಕ್ಕಿಗಳೇ ಬದನಿಕೆ ತರುವುದಲ್ಲವೇ ಎಂದು. ಬದನಿಕೆಯ, ಅಂದರೆ ಬಂದಳಿಕೆಯ, ಹೂವಿನ ರಸ ಕುಡಿಯುವುದರಲ್ಲಿ ಸೂರಕ್ಕಿ ಮುಂದು, ನಿಜ. ಆದರೆ ಹಣ್ಣು ತಿಂದು ಅಂಟುಬೀಜವನ್ನು ಕೊಂಬೆಗೆ ಒರೆಸುವುದು ಬದನಿಕೆ ಹಕ್ಕಿ ಎಂಬ ಇನ್ನೂ ಪುಟ್ಟ ಮಂಕು ಬಣ್ಣದ ಹಕ್ಕಿ. ಹಕ್ಕಿಯನ್ನು ಓಡಿಸುವುದರಿಂದ ಫಲವಿಲ್ಲ. ಬದನಿಕೆ ಹಣ್ಣಾಗುವ ಮುಂಚೆ, ಅದು ಅಂಟಿದ ಜಾಗದಿಂದ ಸ್ವಲ್ಪ ಕೆಳಗೆ ಕೊಂಬೆಸಮೇತ ಕತ್ತರಿಸಬೇಕು.

ಗಿಡ ನೆಟ್ಟು ಜೇನನ್ನು ಕರೆದು, ಮೇಲೆ ವಿಷ ಸುರಿದರೆ ಅದು ಊಟಕ್ಕೆ ಕರೆದು ಕೊಂದಂತೆ. ಹೂವಿರುವಾಗ ಸಿಂಪರಣೆ ಬೇಡ. ತಪ್ಪಿಸಲಾಗದಿದ್ದರೆ ಜೇನು ಗೂಡಿಗೆ ಮರಳಿದ ಮೇಲೆ, ಸಂಜೆ. ಹೀರೆ, ಸೋರೆಗೆ ಮಾತ್ರ ಈ ಸಲಹೆ ತಿರುವುಮುರುವು. ಅವುಗಳ ಹೂವು ಸಂಜೆಗೇ ಅರಳುವುದರಿಂದ, ಹಿಂದಿನ ದಿನದ ಹೂ ಬಾಡಿದ ಮೇಲೆ, ಹೊಸ ಹೂವಿಗೆ ಸಾಕಷ್ಟು ಮುಂಚೆ ಸಿಂಪಡಿಸಬೇಕು. ಇಮಿಡಾಕ್ಲೋಪ್ರಿಡ್, ಥಯಾಮೆಥಾಕ್ಸಾಮ್‌ನಂಥ ಅಂತರ್ವ್ಯಾಪಿ ಕೀಟನಾಶಕಗಳು ಬೇರಿನಿಂದ ಹೂವಿನ ಮಕರಂದಕ್ಕೂ ಪರಾಗಕ್ಕೂ ತಲುಪುತ್ತವೆ, ಹೊತ್ತು ನೋಡಿ ಹೊಡೆದ ಮಾತ್ರಕ್ಕೆ ಅಪಾಯ ತಪ್ಪದು. ಐರೋಪ್ಯ ಒಕ್ಕೂಟ 2018ರಲ್ಲಿ ಬಯಲು ಬೆಳೆಗಳಿಗೆ ಇವುಗಳ ಬಳಕೆಯನ್ನು ನಿಷೇಧಿಸಿದ್ದು ಜೇನಿನ ಕಾರಣಕ್ಕೇ. ಜೇನಿಗೆಂದು ಬೆಳೆಸಿದ ಗಿಡದ ಬುಡಕ್ಕೆ ಇವನ್ನು ಹಾಕಲೇಬಾರದು. ಪಕ್ಕದ ಹೊಲದವರ ಪೆಟ್ಟಿಗೆ ಇದ್ದರೆ ಹಿಂದಿನ ದಿನವೇ ಒಂದು ಮಾತು ಹೇಳಿ ಸಿಂಪಡಿಸುವುದು ನೆರೆಹೊರೆಯ ಧರ್ಮ.

ಮೇವಿನ ಜೊತೆ ಮನೆಯೂ ಬೇಕು. ಹಳೆಯ ಕೊಟ್ಟಿಗೆಯ ಒಂದು ಮಣ್ಣಿನ ಗೋಡೆಗೆ ಸಿಮೆಂಟು ಬಳಿಯದೆ ಬಿಡುವುದು, ಬೇಲಿಯಲ್ಲಿ ಒಣಬಿದಿರಿನ ತುಂಡುಗಳನ್ನು ಮಳೆ ತಾಗದಂತೆ ಕಟ್ಟಿಡುವುದು, ಪೊಟರೆಯಿರುವ ಮುದಿ ಮರವನ್ನು ಕಡಿಯದಿರುವುದು, ಇದಕ್ಕೆ ಖರ್ಚಿಲ್ಲ. ಬೇಸಿಗೆಯಲ್ಲಿ ಅಗಲವಾದ ಮಡಕೆ ಚೂರಿನಲ್ಲಿ ಕಲ್ಲು ಹಾಕಿ ನೀರಿಟ್ಟರೆ ಜೇನು ಮುಳುಗದೆ ಕುಡಿಯುತ್ತದೆ.

ಈ ಮುಂಗಾರಿಗೆ ಶುರು ಮಾಡುವವರು ಹ್ಯಾಮೆಲಿಯಾ, ದಾಸವಾಳ, ಗೊಬ್ಬರದ ಗಿಡಗಳನ್ನು ಕಡ್ಡಿಯಿಂದಲೇ ಹಚ್ಚಬಹುದು. ಹೊಂಗೆಯ ಬೀಜ ಹಳೆಯದಾದಷ್ಟೂ ಮೊಳಕೆ ಕಡಿಮೆ, ಆ ವರ್ಷದ ಬೀಜವನ್ನೇ ಚೀಲಕ್ಕೆ ಹಾಕಿ ಮುಂದಿನ ಮಳೆಗೆ ಬದುವಿಗೆ ನಾಟಿ ಮಾಡಬೇಕು. ಮೇಕೆ ಬರುವ ಕಡೆ ಮೊದಲೆರಡು ವರ್ಷ ಮುಳ್ಳು ಕಟ್ಟಬೇಕು. ಅದು ಹೂ ಬಿಡುವ ತನಕ ಕಾಯುವ ವರ್ಷಗಳಿಗೆ ಎಳ್ಳು, ಅಪ್ಸೆಣಬು, ತುಳಸಿಗಳೇ ಆಧಾರ. ರಾಗಿ ಬಿತ್ತುವವರು ಕೂರಿಗೆ ಹೂಡುವ ದಿನವೇ ಒಂದು ಹಿಡಿ ಹುಚ್ಚೆಳ್ಳನ್ನು ಮಡಿಲಲ್ಲಿ ಇಟ್ಟುಕೊಂಡು ಹೊರಟರೆ ಅಕ್ಕಡಿ ಸಾಲು ಮರೆಯುವುದಿಲ್ಲ. ಬಿತ್ತಿದ ಒಂದೂವರೆ, ಎರಡು ತಿಂಗಳಿಗೆ ಅದು ಹೂವಿಗೆ ಬರುತ್ತದೆ.